ರಾಯಚೂರಿನಿಂದ ಕೇಡಗಾಂವಿಗೆ: ಪಂಡಿತಾ ರಮಾಬಾಯಿಯವರ ವಿಶ್ವಾಸದ ದಾರಿ

ನಾನು ಸೊಲ್ಲಾಪುರ ಜಿಲ್ಲೆಯವಳು. ಕನ್ನಡ ಎಂ.ಎ. ಓದ್ತಾ ಇದ್ದೀನಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ನೇಕಾರರ ಓಣಿಗೆ ಹೋದರೆ ತೆಲುಗು, ಹೀಗೆ ಬೆಳೆದವಳು. ಇಲ್ಲಿ ನೆಟ್‌ವರ್ಕ್ ಆಗಾಗ ಹೋಗ್ತದ, ಮಾತು ತುಂಡಾದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ, ಮತ್ತೊಮ್ಮೆ ಹೇಳ್ತೀನಿ.

ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಮರಾಠಿಯಲ್ಲಿ ಬರೆದ ಒಬ್ಬ ಹೆಣ್ಣುಮಗಳ ಬಗ್ಗೆ ಯಾಕೆ ಮಾತಾಡಬೇಕು ಅಂತ ಯಾರಿಗಾದರೂ ಅನಿಸಬಹುದು. ಪಂಡಿತಾ ರಮಾಬಾಯಿ (1858–1922) ಅಂದ ಕೂಡಲೇ ನಮಗೆ ಪುಣೆ ನೆನಪಾಗ್ತದ. ಆದರೆ ಅವರು ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಇಂದಿನ ಕುದುರೆಮುಖದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಅವರ ಮನೆತನ ಕಾರ್ಕಳ ಕಡೆಯ ಮಾಳದ್ದು. ಮಾಳದಲ್ಲಿ ಚಿತ್ಪಾವನರು ತಲೆಮಾರುಗಳಿಂದ ನೆಲೆಸಿ ತಮ್ಮ ಮನೆಮಾತನ್ನು ಉಳಿಸಿಕೊಂಡು ಬಂದಿದ್ದಾರೆ. ಅಂದರೆ ನಾವು ಇಲ್ಲಿ ಮರಾಠಿ ಸೀಮೆಯೊಳಗೆ ಕನ್ನಡದವರು ಹೇಗೋ, ಅವರು ಅಲ್ಲಿ ಕನ್ನಡ-ತುಳು ಸೀಮೆಯೊಳಗೆ ಹಾಗೆ. ನಮ್ಮದೇ ಕಥೆಯನ್ನು ಕನ್ನಡಿಯಲ್ಲಿ ನೋಡಿದಂತೆ. ಅವರ ಬದುಕು ಕುಸಿದು ಬಿದ್ದ ಊರು ರಾಯಚೂರು. ಕೊನೆಗೆ ನೆಲೆ ನಿಂತ ಊರು ಕೇಡಗಾಂವ, ನಮ್ಮ ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲು ಹಳಿಯ ಮೇಲೇ ಸಿಗ್ತದ. ಪುಣೆಗೆ ಹೋಗುವಾಗ ಕಿಟಕಿಯಿಂದ ಆ ಸ್ಟೇಷನ್ನಿನ ಬೋರ್ಡು ನಾನು ಎಷ್ಟೋ ಸಲ ನೋಡಿದ್ದೀನಿ.

ಇನ್ನೊಂದು ಕಾರಣವೂ ಇದೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆ ಕ್ರೈಸ್ತ ಮನೆಗಳ ಬಗ್ಗೆ ಒಂದು ಮಾತು ಸುಲಭವಾಗಿ ಬರ್ತದ: ‘ಬರಗಾಲದಾಗ ಹೊಟ್ಟೀಗಾಗಿ ಹೋದವರು’. ನಮ್ಮಜ್ಜಿಯ ತವರಿನವರಿಗೂ ಈ ಮಾತು ತಪ್ಪಿಲ್ಲ. ಅಜ್ಜಿ ಅದಕ್ಕೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ, ಎದ್ದು ಒಳಗೆ ಹೋಗ್ತಿದ್ದಳು, ಅಷ್ಟೇ. ಬರ, ಹಸಿವು, ವಿಶ್ವಾಸ ಈ ಮೂರರ ನಡುವಿನ ಸಂಬಂಧ ನಿಜವಾಗಿ ಹೇಗಿರ್ತದ ಅನ್ನೋದನ್ನ ತಾನೇ ಕೂತು ಬರೆದಿಟ್ಟ ಹೆಣ್ಣುಮಗಳು ರಮಾಬಾಯಿ. ಹಾಗಾಗಿ ಅವರನ್ನು ಓದಲು ಶುರುಮಾಡಿದೆ.

ಮೊದಲು ಬದುಕಿನ ಕಥೆ. ಅನಂತಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ದೇವಭಾಷೆ ಕಲಿಸಬಹುದೇ ಅಂತ ಉಡುಪಿಯಲ್ಲಿ ವಿದ್ವಾಂಸರ ಎದುರು ಅವರನ್ನು ನಿಲ್ಲಿಸಿ ಕೇಳಲಾಯಿತು. ಅವರು ಶಾಸ್ತ್ರದಿಂದಲೇ ಆಧಾರ ಕೊಟ್ಟು ಉತ್ತರಿಸಿದರು. ಆಮೇಲೆ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. ವಿದ್ಯಾರ್ಥಿಗಳು ಬಂದರು, ಯಾತ್ರಿಕರು ಬಂದರು, ಬಂದವರಿಗೆಲ್ಲ ಊಟ ಹಾಕಿ ಹಾಕಿ ಕೈ ಬರಿದಾಯಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಬೆಟ್ಟದಿಂದ ಕೆಳಗೆ ಇಳಿಸಿದರಂತೆ. ತನ್ನ ಯಾತ್ರೆ ಅಲ್ಲಿಂದಲೇ ಶುರುವಾಯಿತು ಅಂತ ಅವರು ಬರೆಯುತ್ತಾರೆ. ಮುಂದೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆ ಕುಟುಂಬಕ್ಕೆ ಮನೆ ಅನ್ನೋದು ಇರಲಿಲ್ಲ. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ನಡೆಯೋದು, ದೇವಸ್ಥಾನದಲ್ಲೋ ನದಿ ದಂಡೆಯಲ್ಲೋ ಪುರಾಣ ಓದೋದು, ಕೇಳಿದವರು ಕೊಟ್ಟ ಕಾಣಿಕೆಯಲ್ಲಿ ಬದುಕೋದು. ತಾಯಿ ನಸುಕಿನಲ್ಲಿ ಎಬ್ಬಿಸಿ ಮಗಳಿಗೆ ಪಾಠ ಹೇಳ್ತಿದ್ದರು. ಪುಸ್ತಕ ನೋಡಿ ಅಲ್ಲ, ಬಾಯಿಪಾಠ. ಭಾಗವತದ ಹದಿನೆಂಟು ಸಾವಿರ ಶ್ಲೋಕ ಹೀಗೆ ಕಂಠಸ್ಥವಾಯಿತು.

ಆಮೇಲೆ ಬರ. ಇಲ್ಲಿ ಒಂದು ಸಣ್ಣ ಕಾಲನಿರ್ಣಯದ ವಿಷಯ ಇದೆ, ಸಂಶೋಧನೆ ಮಾಡುವವರು ಗಮನಿಸಬೇಕು. ರಮಾಬಾಯಿಯವರ ತಂದೆತಾಯಿ 1876–77ರ ಬರದಲ್ಲಿ ಸತ್ತರು ಅಂತ ಹಲವು ಕಡೆ ಬರೀತಾರೆ. ಆದರೆ 1897ರಲ್ಲಿ ರಮಾಬಾಯಿ ಬರೆದ ಬರಗಾಲದ ಅನುಭವಗಳ ಬರಹದಲ್ಲಿ, ಆ ಬರ 1876–77ಕ್ಕೆ ತುದಿ ಮುಟ್ಟಿತು, ಶುರುವಾದದ್ದು ಅದಕ್ಕೂ ಕನಿಷ್ಠ ಮೂರು ವರ್ಷ ಮೊದಲು ಅಂತ ಅವರೇ ಹೇಳ್ತಾರೆ. ಸರಕಾರದ ದಾಖಲೆಗೆ ಬರ ಅನ್ನೋದು ಘೋಷಣೆಯಾದ ದಿನ ಹುಟ್ತದ. ನಡೆದು ಹೋಗುವ ಬಡ ಪುರಾಣಿಕನ ಮನೆಗೆ ಅದು ಮೊದಲೇ ಬಂದಿರ್ತದ, ಯಾಕಂದ್ರ ಮಳೆ ಕೈಕೊಟ್ಟ ಊರಲ್ಲಿ ಮೊದಲು ನಿಲ್ಲೋದೇ ಪುರಾಣ ಕೇಳಿ ದಕ್ಷಿಣೆ ಕೊಡೋದು.

ಆ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಸಿವಿನ ವರ್ಣನೆಗಿಂತ ಹೆಚ್ಚಾಗಿ ಅದರ ಲೆಕ್ಕಾಚಾರ. ಇದ್ದ ದುಡ್ಡು ಏನಾಯಿತು ಅನ್ನೋದನ್ನು ಅವರು ಬಿಡದೆ ಹೇಳ್ತಾರೆ. ದೇವರಿಗೆ, ಬ್ರಾಹ್ಮಣರಿಗೆ ದಾನ ಕೊಟ್ಟರು, ತೀರ್ಥಗಳಲ್ಲಿ ಮಿಂದರು, ಪ್ರದಕ್ಷಿಣೆ ಹಾಕಿದರು, ಪ್ರಸನ್ನನಾಗುವ ದೇವರಿಗಾಗಿ ಕಾದರು. ದುಡ್ಡು ಮುಗಿದ ಮೇಲೆ ಒಡವೆ, ಬೆಳ್ಳಿ ತಾಮ್ರದ ಪಾತ್ರೆ ಹೋದವು. ಕೂಲಿ ಮಾಡಲು ಬರುತ್ತಿರಲಿಲ್ಲ, ಬೇಡಲು ಮನಸ್ಸಾಗುತ್ತಿರಲಿಲ್ಲ. ದುಡಿಮೆ ಗೊತ್ತಿಲ್ಲದ ಪಾಂಡಿತ್ಯ ಹಸಿವಿನ ಎದುರು ಹೇಗೆ ನಿಂತಿತು ಅನ್ನೋದನ್ನ ಅವರು ತಮ್ಮ ಜಾತಿಯ ಹೆಮ್ಮೆಯನ್ನು ಮುಚ್ಚಿಡದೆ ಬರೆದಿದ್ದಾರೆ. ಕೊನೆಗೆ ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡು ಈಚಲ ಹಣ್ಣು, ಇಷ್ಟೇ. ತಂದೆ ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣ ಬಿಡ್ತೀನಿ ಅಂದರು. ಆಗ ಅಣ್ಣ ಶ್ರೀನಿವಾಸ, ಜಾತಿಯ ಅಭಿಮಾನ ಬಿಟ್ಟು ಕೂಲಿಗೆ ಹೋಗ್ತೀನಿ, ನೀವು ಸಾಯಬೇಡಿ ಅಂದ. ಆದರೂ ತಂದೆ ಉಳಿಯಲಿಲ್ಲ. ಸಾಯುವ ಮೊದಲು ಚಿಕ್ಕ ಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಅವನ ಸೇವೆ ಮಾಡು ಅನ್ನುವ ಅರ್ಥದ ಮಾತು ಹೇಳಿದರು.

ಉಳಿದವರು ನಡೆಯುತ್ತ ರಾಯಚೂರಿಗೆ ಬಂದರು. ಅಷ್ಟೊತ್ತಿಗಾಗಲೇ ಮುಂಬಯಿಯಿಂದ ಸೊಲ್ಲಾಪುರ, ಗುಲಬರ್ಗಾ ದಾಟಿ ರಾಯಚೂರಿನವರೆಗೆ ರೈಲು ಬಂದಿತ್ತು, 1871ರಲ್ಲಿ ಮದ್ರಾಸಿನ ಹಳಿಗೂ ಅಲ್ಲೇ ಕೂಡಿಕೊಂಡಿತ್ತು. ಇವರ ಹತ್ತಿರ ಟಿಕೇಟಿಗೆ ಕಾಸಿರಲಿಲ್ಲ. ತಾಯಿ ಜ್ವರದಿಂದ ಮಲಗಿ, ಕನವರಿಕೆಯಲ್ಲಿ ಏನೇನೋ ತಿನ್ನಲು ಕೇಳುತ್ತಿದ್ದರು. ಮಗಳು ರೊಟ್ಟಿ ಕೇಳಲು ನೆರೆಯ ಒಬ್ಬ ಹೆಂಗಸಿನ ಬಾಗಿಲಿಗೆ ಹೋಗಿ ನಿಂತಳು. ಬಾಯಿ ಬರಲಿಲ್ಲ. ಕಣ್ಣೀರು ನೋಡಿ ಆ ತಾಯಿಯೇ ಅರ್ಥಮಾಡಿಕೊಂಡು ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ಉಪಕಾರವಾಯಿತು ಅಂತ ಹೇಳೋದಕ್ಕೂ ಆಗದೆ ಓಡಿ ಬಂದರೆ, ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಸತ್ತಾಗ ಹೊರಲು ನಾಲ್ಕು ಹೆಗಲು ಸಿಗಲಿಲ್ಲ. ಇಬ್ಬರು ಬಂದರು, ಅಣ್ಣ ಮೂರನೆಯವನು, ನಾಲ್ಕನೆಯವಳು ರಮಾಬಾಯಿ. ಎತ್ತರ ಸಾಲದೆ ಚಟ್ಟದ ಮೂಲೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮೈಲಿಗಟ್ಟಲೆ ನಡೆದರು. ಸ್ವಲ್ಪ ಕಾಲದಲ್ಲೇ ಅಕ್ಕನೂ ಹೋದಳು.

ಇಲ್ಲಿ ನಿಂತು ಒಂದು ಪ್ರಶ್ನೆ ಕೇಳ್ಕೋಬೇಕು. ‘ಹೊಟ್ಟೆಗಾಗಿ ಹೋದವರು’ ಅನ್ನುವ ವಾದ ನಿಜವಾಗಿದ್ದರೆ, ಮಿಷನ್ನಿನ ಬಾಗಿಲು ಬಡಿಯಲು ಇದಕ್ಕಿಂತ ಬೇರೆ ಗಳಿಗೆ ಬೇಕಿತ್ತೇ? ಅವರು ಬಡಿಯಲಿಲ್ಲ. ಅಣ್ಣತಂಗಿ ಇನ್ನೂ ಕೆಲವು ವರ್ಷ ಹಳೆಯ ವ್ರತ ನಿಯಮಗಳ ಜೊತೆಗೇ ಉತ್ತರದ ಕಡೆ ನಡೆದರು. ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾಗದೆ ಮರಳಿನಲ್ಲಿ ಗುಂಡಿ ತೋಡಿ, ಕುತ್ತಿಗೆವರೆಗೆ ಒಣ ಮರಳು ಮುಚ್ಚಿಕೊಂಡು ರಾತ್ರಿ ಕಳೆದರು. ಹಸಿವು ಅವರಿಗೆ ಕ್ರಿಸ್ತನನ್ನು ಕೊಡಲಿಲ್ಲ. ಹಸಿವು ಕೊಟ್ಟದ್ದು ಒಂದು ಸಂಶಯ ಮಾತ್ರ: ಹೇಳಿದ್ದನ್ನೆಲ್ಲ ಮಾಡಿದೆವಲ್ಲ, ಆಮೇಲೆ?

ಆ ಸಂಶಯಕ್ಕೆ ಮಾತು ಸಿಕ್ಕಿದ್ದು ಕಲ್ಕತ್ತಾದಲ್ಲಿ, 1878ರಲ್ಲಿ. ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಅಂತ ಬಿರುದು ಕೊಟ್ಟರು. ಇಪ್ಪತ್ತು ವರ್ಷದ ಹುಡುಗಿ ಹೆಂಗಸರಿಗೆ ಉಪನ್ಯಾಸ ಕೊಡಲು ಧರ್ಮಶಾಸ್ತ್ರಗಳನ್ನು ಓದಿದಳು. ಒಂದಕ್ಕೊಂದು ಎಷ್ಟೋ ವಿಷಯದಲ್ಲಿ ಜಗಳವಾಡುವ ಗ್ರಂಥಗಳು ಹೆಂಗಸು ಮತ್ತು ಶೂದ್ರರ ವಿಷಯ ಬಂದಾಗ ಮಾತ್ರ ಒಂದೇ ದನಿಯಲ್ಲಿ ಮಾತಾಡ್ತಾವೆ ಅನ್ನೋದು ಆಗ ಕಂಡಿತು. ತನಗೆ ಮೋಕ್ಷದ ಬಾಗಿಲೇ ಇಲ್ಲ ಅಂತ ಓದಿ ತಿಳಿದುಕೊಂಡ ಪಂಡಿತೆ ಅವರು. ಕ್ರೈಸ್ತರನ್ನು ಹತ್ತಿರದಿಂದ ನೋಡಿದ್ದೂ ಅದೇ ಊರಲ್ಲಿ. ಅದೊಂದು ತಮಾಷೆಯ ಪ್ರಸಂಗ. ಪ್ರಾರ್ಥನೆಗೆ ಎಲ್ಲರೂ ಕುರ್ಚಿಗಳ ಮುಂದೆ ಮಂಡಿಯೂರಿದಾಗ, ಈ ಜನ ಕುರ್ಚಿಗೇ ಪೂಜೆ ಮಾಡ್ತಾರೆ ಅಂತ ಅವರು ತಿಳಿದುಕೊಂಡರಂತೆ. ಸಂಸ್ಕೃತದ ಬೈಬಲ್ ಒಂದನ್ನು ಕೊಟ್ಟರು, ಅದರ ಶೈಲಿ ಈ ಸಂಸ್ಕೃತ ಪಂಡಿತೆಗೆ ಅರ್ಥವಾಗಲಿಲ್ಲ!

1880ರಲ್ಲಿ ಅಣ್ಣ ಸತ್ತ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರನ್ನು ಜಾತಿ ಮೀರಿ ಮದುವೆಯಾದರು. ಸಿಲ್ಚಾರಿನ ಮನೆಯಲ್ಲಿ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಕೈಗೆ ಸಿಕ್ಕಿತು, ಓದಿ ಇಷ್ಟಪಟ್ಟರು. ಗಂಡನಿಗೆ ಅದು ಹಿಡಿಸಲಿಲ್ಲ. ಮದುವೆಯಾಗಿ 19 ತಿಂಗಳಿಗೆ ಗಂಡನೂ ತೀರಿಹೋದ. ಮಡಿಲಲ್ಲಿ ಮನೋರಮಾ ಅನ್ನುವ ಕೂಸು. ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ವೈದ್ಯೆಯರು ಬೇಕು ಅಂತ ಸಾಕ್ಷಿ ಹೇಳಿದರು, ‘ಸ್ತ್ರೀ ಧರ್ಮನೀತಿ’ ಪುಸ್ತಕ ಮಾರಿದ ದುಡ್ಡಿನಲ್ಲಿ ಇಂಗ್ಲೆಂಡಿಗೆ ಹೊರಟರು. ಅಂದರೆ ಹಡಗಿನ ಖರ್ಚೂ ತಮ್ಮದೇ ಬರವಣಿಗೆಯದು.

ವಾಂಟೇಜಿನ ಸಿಸ್ಟರುಗಳ ಮಠದಲ್ಲಿ ಉಳಿದರು. ವೈದ್ಯ ಓದಬೇಕು ಅನ್ನೋ ಆಸೆ ಇತ್ತು, ಕಿವಿ ಸರಿಯಾಗಿ ಕೇಳಿಸದ ಕಾರಣ ಅದು ಆಗಲಿಲ್ಲ. ಸಿಸ್ಟರುಗಳು ಲಂಡನ್ನಿನ ಫುಲಾಮ್‌ನಲ್ಲಿ ನಡೆಸುತ್ತಿದ್ದ ಒಂದು ಆಶ್ರಯಕ್ಕೆ ಅವರನ್ನು ಕಳಿಸಿದರು. ಸಮಾಜ ‘ಕೆಟ್ಟವರು’ ಅಂತ ಹೊರಗೆ ಹಾಕಿದ ಹೆಂಗಸರು ಅಲ್ಲಿದ್ದರು. ಮಠದ ಹೆಂಗಸರು ಅವರ ಜೊತೆ ಕೂತು ಉಂಡು, ಅವರನ್ನು ಮನುಷ್ಯರಂತೆ ನೋಡಿಕೊಳ್ಳುವುದನ್ನು ಕಂಡರು. ಇದಕ್ಕೆ ಕಾರಣ ಏನು ಅಂತ ಕೇಳಿದಾಗ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ, ಬಾವಿಯ ಹತ್ತಿರ ಯೇಸುವಿಗೆ ಎದುರಾದ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿ ಹೇಳಿದರು. ಬೇರೆ ಜಾತಿಯವಳು, ಐದು ಗಂಡಂದಿರನ್ನು ಕಂಡವಳು, ಅವಳ ಕೈಯಿಂದ ಅವನು ನೀರು ಕೇಳ್ತಾನೆ. ನಮ್ಮ ಊರುಗಳಲ್ಲಿ ಬಾವಿಕಟ್ಟೆ ಅಂದ್ರ ಏನು ಅಂತ ಗೊತ್ತಿದ್ದವರಿಗೆ ಆ ಕಥೆ ಎಲ್ಲಿ ತಟ್ಟಿತು ಅಂತ ವಿವರಿಸಬೇಕಾಗಿಲ್ಲ.

1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ದೀಕ್ಷಾಸ್ನಾನ ತಗೊಂಡರು. ಅದಕ್ಕೆ ಸ್ವಲ್ಪವೇ ಮೊದಲು ಜೊತೆಗೆ ಹೋಗಿದ್ದ ಗೆಳತಿ ಆನಂದಿಬಾಯಿ ಭಗತ ಅದೇ ಮಠದಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಭಕ್ತಿಯ ಜೀವನಚರಿತ್ರೆಗಳು ಈ ಸಂಗತಿಯನ್ನು ಅವಸರದಲ್ಲಿ ದಾಟ್ತಾವೆ. ಇದನ್ನು ಬಿಟ್ಟರೆ ಆ ದಿನಗಳ ಭಾರ ನಮಗೆ ಗೊತ್ತಾಗೋದಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಮುಖ್ಯ ಅನಿಸಿದ ಭಾಗಕ್ಕೆ ಬರ್ತೀನಿ. ಅವರ ವಿಶ್ವಾಸದ ಬಗ್ಗೆ ನಮಗೆ ಬೇರೆ ಬೇರೆ ಕಾಲದ ಬರಹಗಳಿವೆ. 1883ರಿಂದ 86ರವರೆಗೆ ಸಿಸ್ಟರ್ ಜೆರಾಲ್ಡಿನ್, ಚೆಲ್ಟನ್‌ಹ್ಯಾಮ್ ಕಾಲೇಜಿನ ಡೊರೊಥಿಯಾ ಬೀಲ್ ಅವರೊಡನೆ ನಡೆದ ಪತ್ರವ್ಯವಹಾರ, 1897ರ ಬರಗಾಲದ ಬರಹ, 1907ರ ‘ಸಾಕ್ಷಿ’. ಕೊನೆಯದನ್ನು ಮಾತ್ರ ಓದಿದರೆ ಕತ್ತಲಿನಿಂದ ಬೆಳಕಿಗೆ ಎಳೆದ ನೇರ ಗೆರೆಯಂತೆ ಕಾಣ್ತದ. ಸಾಕ್ಷಿ ಅನ್ನುವ ಪ್ರಕಾರವೇ ಹಾಗೆ, ಮೊದಲಿನದೆಲ್ಲ ಕೊನೆಗಾಗಿ ನಡೆಯಿತು ಅನ್ನುವ ಹಾಗೆ ಜೋಡಿಸ್ತದ. ಪತ್ರಗಳನ್ನು ಓದಿದರೆ ಬೇರೆಯೇ ಹೆಣ್ಣುಮಗಳು. ತ್ರಿತ್ವದ ಬಗ್ಗೆ ವಾದ, ಯೇಸುವಿನ ದೈವತ್ವದ ಬಗ್ಗೆ ಪ್ರಶ್ನೆ, ಬಿಷಪ್ಪರ ಮಾತಿಗೆ ಎದುರುತ್ತರ. ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಬಾರದು ಅಂತ ಬಿಷಪ್ಪರು ಅಂದಾಗ, ನಮ್ಮ ದೇಶದಲ್ಲಿ ಗಂಡಸರ ಸಭೆಯಲ್ಲೇ ಮಾತಾಡಿ ಬಂದವಳು ನಾನು ಅಂತ ಸಿಟ್ಟಾದರು. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ ಯಾಕೆ, ಸಂಸ್ಕೃತದಲ್ಲಿ ಇರಲಿ ಅಂದರು. ಮಾಂಸ ಮುಟ್ಟಲಿಲ್ಲ. ಒಂದು ಪುರೋಹಿತಶಾಹಿಯ ನೊಗ ಇಳಿಸಿ ಬಂದವಳು ಇನ್ನೊಂದಕ್ಕೆ ಕುತ್ತಿಗೆ ಕೊಡೋದಿಲ್ಲ ಅನ್ನುವುದು ಅವರ ನಿಲುವಿನ ಸಾರ. ಜೋತಿಬಾ ಫುಲೆಯವರು ಅವರ ಪರವಾಗಿ ಬರೆದದ್ದು ಸುಮ್ಮನೆ ಅಲ್ಲ.

ಸ್ವಾರಸ್ಯ ಏನಂದ್ರ, 1907ರ ಸಾಕ್ಷಿಯಲ್ಲಿ ಅವರೇ ಹೇಳ್ತಾರೆ: 1883ರಲ್ಲಿ ತನಗೆ ಕ್ರೈಸ್ತ ಮತ ಸಿಕ್ಕಿತು, ಕ್ರಿಸ್ತ ಸಿಕ್ಕಿರಲಿಲ್ಲ. ಅದು ಆದದ್ದು ಸುಮಾರು ಎಂಟು ವರ್ಷದ ನಂತರ, 1891ರ ಹೊತ್ತಿಗೆ. ಅದಕ್ಕೆ ನೆಪವಾದದ್ದು ವಿಲಿಯಂ ಹ್ಯಾಸ್ಲಂ ಅನ್ನುವ ಇಂಗ್ಲಿಷ್ ಪಾದ್ರಿಯ ಆತ್ಮಕಥೆ. ಆತ ಒಂದು ಸಭೆಯ ಪಾಲಕನಾಗಿ ಕೆಲಸ ಮಾಡುತ್ತಿದ್ದಾಗಲೇ, ತನಗಿನ್ನೂ ನಿಜವಾದ ವಿಶ್ವಾಸ ಬಂದಿಲ್ಲ ಅಂತ ಕಂಡುಕೊಂಡವನು.

ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮೂರಿನ ಸಿದ್ಧರಾಮ. ಸೊನ್ನಲಿಗೆಯಲ್ಲಿ ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಊರಿಗೆ ಊರೇ ಮೆಚ್ಚುವ ಕಾಯಕದಲ್ಲಿ ನಿರತನಾಗಿದ್ದ ಶಿವಯೋಗಿ ಆತ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಬಂದು ಅವನನ್ನೇ ‘ವಡ್ಡ’ ಅಂತ ಕೆಣಕಿ, ಹೊರಗಿನ ಕೆಲಸದಿಂದ ಒಳಗಿನ ಕಡೆಗೆ ತಿರುಗಿಸಿ ಕಲ್ಯಾಣಕ್ಕೆ ಕರೆದೊಯ್ಯುತ್ತಾನೆ. ಭಕ್ತನಾಗಿರುವವನಿಗೇ ಮತ್ತೊಮ್ಮೆ ಭಕ್ತಿ ಹುಟ್ಟಬೇಕಾಗುತ್ತದೆ. ಇಬ್ಬರೂ ಒಂದೇ ಅಂತ ನಾನು ಹೇಳ್ತಿಲ್ಲ. ಸಿದ್ಧರಾಮನಿಗೆ ಗುರು ಎದುರು ಬಂದು ನಿಂತ, ರಮಾಬಾಯಿಗೆ ಸಿಕ್ಕಿದ್ದು ಪುಸ್ತಕ. ದಿಕ್ಕೂ ಬೇರೆ: ಸಿದ್ಧರಾಮ ಕಟ್ಟಿದ ಮೇಲೆ ತಿರುಗಿದ, ರಮಾಬಾಯಿ ತಿರುಗಿದ ಮೇಲೆ ದೊಡ್ಡದನ್ನು ಕಟ್ಟಿದರು. ಆದರೆ ಮತ ಬದಲಾಗೋದು ಒಂದು ದಿನದ ಕೆಲಸ, ಮನಸ್ಸು ಬದಲಾಗೋದು ಬೇರೆ ಲೆಕ್ಕ ಅನ್ನುವ ತಿಳಿವಳಿಕೆ ಕನ್ನಡಕ್ಕೆ ಹೊಸದಲ್ಲ. ಮತಾಂತರ ಅಂದ ಕೂಡಲೇ ರಿಜಿಸ್ಟರಿನ ತಾರೀಕು ಮಾತ್ರ ನೋಡುವವರು ಈ ಹಳೆಯ ತಿಳಿವಳಿಕೆಯನ್ನು ಮರೆತಿದ್ದಾರೆ.

ಮುಂದಿನದು ಹೆಚ್ಚು ಜನಕ್ಕೆ ಗೊತ್ತಿರುವ ಭಾಗ, ಬೇಗ ಹೇಳ್ತೀನಿ. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಮರುವರ್ಷ ಅದು ಪುಣೆಗೆ. ಅಲ್ಲಿಯ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕೂರ್ತಾರೆ ಅಂತ 1893ರಲ್ಲಿ ದೊಡ್ಡ ಗದ್ದಲ, ‘ಕೇಸರಿ’ ಪತ್ರಿಕೆಯ ದಾಳಿ, ರಾನಡೆ, ಭಾಂಡಾರಕರ್ ಅಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟರು, ಹಲವು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಈ ಜಗಳದಲ್ಲಿ ಒಂದೇ ಕಡೆ ನ್ಯಾಯ ಇತ್ತು ಅಂತ ನಾನು ಅನ್ನೋದಿಲ್ಲ. ಮತದ ವಿಷಯದಲ್ಲಿ ಸದನ ತಟಸ್ಥವಾಗಿರ್ತದ ಅನ್ನೋ ಭರವಸೆಯ ಮೇಲೆ ಮಕ್ಕಳನ್ನು ಬಿಟ್ಟವರಿಗೆ ಗಾಬರಿಯಾದದ್ದು ಅರ್ಥವಾಗುವಂಥದ್ದೇ. ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥನೆ ಮಾಡು ಅಂದರೆ ರಮಾಬಾಯಿ ಒಪ್ಪುವವರಲ್ಲ ಅನ್ನೋದೂ ಅಷ್ಟೇ ಸ್ಪಷ್ಟ.

ಆಮೇಲೆ ಕೇಡಗಾಂವ. ರೈಲು ಹಳಿಯ ಹತ್ತಿರ ಸುಮಾರು 100 ಎಕರೆ ಜಮೀನು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ ತಾವೇ ಹೋಗಿ ಹುಡುಗಿಯರನ್ನು, ಎಳೆ ವಿಧವೆಯರನ್ನು ಕರೆತಂದರು. ಮುನ್ನೂರು ಜನ ಸಿಗಲಿ ಅಂತ ಬೇಡಿಕೊಂಡಿದ್ದರಂತೆ. ಅನಾಥ ಹೆಣ್ಣುಮಕ್ಕಳಿಗಾಗಿ ಕಾದು ಕೂತ ದಲ್ಲಾಳಿಗಳ ಕೈಯಿಂದ ಅವರನ್ನು ಉಳಿಸುವ ಅವಸರ. 1897ರ ಬರಗಾಲದ ಬರಹ ಹುಟ್ಟಿದ್ದು ಈ ಹೊತ್ತಿನಲ್ಲಿ. ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡಿದ್ದ ರಾಯಚೂರಿನ ಕಥೆಯನ್ನು ಅವರು ಹೊರಗೆ ತೆಗೆದದ್ದು ಬೇರೆ ಹಸಿದ ಹುಡುಗಿಯರನ್ನು ಕಂಡಾಗ. ಹಾಗಾಗಿ ಅದನ್ನು ಬರೀ ಆತ್ಮಕಥೆ ಅಂತ ಓದಬಾರದು, ದೇಣಿಗೆ ಕೇಳುವ ಪತ್ರ ಅಂತ ತಳ್ಳಿಹಾಕಲೂಬಾರದು. ಎರಡೂ ಹೌದು.

ಮುಕ್ತಿ ಸದನದಲ್ಲಿ ನೇಯ್ಗೆ, ಒಕ್ಕಲುತನ, ಹೈನು, ಮುದ್ರಣ ಎಲ್ಲ ಹೆಂಗಸರೇ ಕಲಿತರು. ಕುರುಡು ಹುಡುಗಿಯರಿಗೆ ಬ್ರೈಲ್ ಇತ್ತು. ಕೈಕೆಲಸ ಬಾರದ ಪಾಂಡಿತ್ಯ ಹಸಿವಿನಿಂದ ಸತ್ತದ್ದನ್ನು ಕಂಡ ಮಗಳು ಮೊದಲು ಕಲಿಸಿದ್ದು ಕೈಕೆಲಸವನ್ನು. ಈ ನಂಟನ್ನು ಅವರು ಎಲ್ಲೂ ಹೀಗೆ ಬಿಡಿಸಿ ಹೇಳಿದ್ದಾರೋ ಇಲ್ಲವೋ, ಎರಡು ಬರಹಗಳನ್ನು ಪಕ್ಕದಲ್ಲಿಟ್ಟರೆ ಎದ್ದು ಕಾಣ್ತದ. ಗುಲಬರ್ಗಾದಲ್ಲೂ, ಅಂದಿನ ನಿಜಾಮ ಸೀಮೆಯಲ್ಲಿ, 1910ರ ದಶಕದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಕೇಡಗಾಂವ, ಸೊಲ್ಲಾಪುರ, ಗುಲಬರ್ಗಾ, ರಾಯಚೂರು, ಎಲ್ಲ ಒಂದೇ ಹಳಿಯ ಊರುಗಳು.

ಸಮಯ ಆಯಿತು ಅಂತ ಅಧ್ಯಕ್ಷರು ಬರೆದಿದ್ದಾರೆ. ಚಾಟ್‌ನಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿ ಮುಗಿಸ್ತೀನಿ.

ಪ್ರಶ್ನೆ: ರಮಾಬಾಯಿಯವರಿಗೆ ಕನ್ನಡ ಬರ್ತಿತ್ತೇ?

ಬರ್ತಿತ್ತು. ತಿರುಗಾಟದಲ್ಲಿ ಕನ್ನಡ, ಹಿಂದುಸ್ತಾನಿ, ಬಂಗಾಳಿ ಕಲಿತೆ ಅಂತ ಅವರೇ ಹೇಳಿಕೊಂಡಿದ್ದಾರೆ. ಬರವಣಿಗೆ ಮಾತ್ರ ಮರಾಠಿ, ಇಂಗ್ಲಿಷ್. ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲ್ ಅನುವಾದಿಸಿದರು. ಕಲ್ಕತ್ತಾದಲ್ಲಿ ಅರ್ಥವಾಗದ ಆ ಸಂಸ್ಕೃತ ಬೈಬಲ್ ಅವರಿಗೆ ನೆನಪಿತ್ತೇನೋ ಅಂತ ನನಗೆ ಅನಿಸ್ತದ. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. 1922ರ ಏಪ್ರಿಲ್ 5ರಂದು ತಾವು ತೀರಿಕೊಳ್ಳುವ ಹೊತ್ತಿಗೆ ಅನುವಾದದ ಕೆಲಸ ಮುಗಿಸಿದ್ದರು.

ಪ್ರಶ್ನೆ: ಮತ ಬಿಟ್ಟ ಮೇಲೆ ತಂದೆತಾಯಿಯ ನಂಟನ್ನೂ ಬಿಟ್ಟಂತಾಯಿತಲ್ಲ?

ಇದನ್ನ ನಮ್ಮ ಊರಲ್ಲೂ ಕೇಳ್ತಾರ್ರೀ. ತಂದೆ ಸಾಯುವಾಗ ಹೇಳಿದ ಮಾತನ್ನು ಅವರು ಕ್ರೈಸ್ತರಾದ ಮೇಲೂ ಹಿಡಿದುಕೊಂಡೇ ಇದ್ದರು, ಆ ದೇವರು ಯಾರು ಅನ್ನೋದು ಮಾತ್ರ ಬೇರೆಯಾಯಿತು. ಇನ್ನು ತಾಯಿ. ದೀಕ್ಷಾಸ್ನಾನವಾಗಿ ನಾಲ್ಕು ವರ್ಷದ ಮೇಲೆ, 1887ರಲ್ಲಿ, ಅಮೇರಿಕದಲ್ಲಿ ಅವರ ಪ್ರಸಿದ್ಧ ಪುಸ್ತಕ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಹೊರಬಂತು. ಅದನ್ನು ಯಾವ ಪಾದ್ರಿಗೂ, ಮಠಕ್ಕೂ ಅರ್ಪಿಸಿಲ್ಲ. ರಾಯಚೂರಿನಲ್ಲಿ ತಲೆಯ ಮೇಲೆ ಹೊತ್ತು ಸಾಗಿಸಿದ ತಾಯಿ ಲಕ್ಷ್ಮೀಬಾಯಿಯವರ ನೆನಪಿಗೆ ಅರ್ಪಿಸಿದ್ದಾರೆ.